ಗೋಡೆಯ ಮೇಲಿನ ಸೊನ್ನೆ

ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿರುವ ವಸ್ತುವನ್ನು ಕಂಡರೆ ಕೆಲವರಿಗೆ ಕೈ ತುರಿಸುತ್ತದೆ. ನಮ್ಮ ಪಂಡಿತನಿಗೆ ಹಾಗೆ ಕೈ ತುರಿಸಿದ್ದು ವೆಬ್ ಸರ್ವರಿನ ಲಾಗನ್ನು ಕಂಡು.

ಲಾಗ್ ಎಂದರೆ ಘನಂದಾರಿ ವಸ್ತುವೇನಲ್ಲ. ವೆಬ್‌ಸೈಟಿಗೆ ಯಾರಾದರೂ ಬಂದು ಒಂದು ಪುಟ ಕೇಳಿದರೆ, ಪುಟ ಕೊಡುವ ಸರ್ವರು, ಇಂಥ ಕಡೆಯಿಂದ ಒಬ್ಬರು ಬಂದರು, ಇಂಥ ಹೊತ್ತಿಗೆ ಇಂಥ ಪುಟ ಕೇಳಿದರು, ಕೊಟ್ಟೆ ಎಂದು ಒಂದು ಸಾಲು ಬರೆದಿಡುತ್ತದೆ. ಅಷ್ಟೇ. ಆ ಸಾಲನ್ನು ಒಂದು ಸಾದಾ ಫೈಲಿನ ಕೊನೆಗೆ ಅಂಟಿಸಿ ತನ್ನ ಮುಂದಿನ ಕೆಲಸಕ್ಕೆ ಹೋಗುತ್ತದೆ. ಫೈಲು ತುಂಬಿದರೆ ಮಡಿಸಿ ಮೂಲೆಗಿಟ್ಟು ಹೊಸದೊಂದು ತೆರೆಯುತ್ತದೆ. ಯಾರಿಗೂ ತೊಂದರೆಯಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಪಂಡಿತ ಬರುವ ತನಕ ನಮ್ಮಲ್ಲೂ ಹೀಗೇ ನಡೆದುಕೊಂಡು ಹೋಗುತ್ತಿತ್ತು.

ಪಂಡಿತ ಅವನ ಹೆಸರಲ್ಲ. ಬಾಯಿ ಬಿಟ್ಟರೆ ಪಾಠವೇ ಬರುತ್ತದೆಂದು ನಾನು ಇಟ್ಟದ್ದು. ಒಮ್ಮೆ ಅಪ್ಪಿತಪ್ಪಿ ಎದುರಿಗೇ ಕರೆದುಬಿಟ್ಟೆ. ಬೇಜಾರಾಗುವುದಿರಲಿ, ಬಿರುದು ಸಿಕ್ಕಿತೆಂದು ಎದೆಯುಬ್ಬಿಸಿಕೊಂಡು ಓಡಾಡಿದ. ಅಂದಿನಿಂದ ಆಫೀಸಿಗೆಲ್ಲ ಅವನು ಪಂಡಿತನೇ. ವಿನ್ಯಾಸ ಮಾಡುವುದು ಅವನ ಕೆಲಸ. ಎಂದರೆ ಬಿಳಿ ಹಲಗೆಯ ಮೇಲೆ ಚೌಕ ಬರೆಯುವುದು, ಚೌಕದಿಂದ ಚೌಕಕ್ಕೆ ಬಾಣ ಎಳೆಯುವುದು, ಆಮೇಲೆ ಕಾಫಿಗೆ ಹೋಗುವುದು. ಆ ಬಾಣದ ಮೇಲೆ ನಡೆಯಬೇಕಾದವರು ನಾವು.

"ಲಾಗನ್ನ ಫೈಲಲ್ಲಿ ಇಡೋದು ಅಂದ್ರೆ ಶಿಲಾಯುಗ ಸಾರ್," ಎಂದ ಅವನು, ಬಂದ ವಾರವೇ, ಸಾಹೇಬರ ಕೋಣೆಯಲ್ಲಿ. "ಡೇಟಾಬೇಸಿಗೆ ಹಾಕಿದ್ರೆ ಕೇಳಿದ ಪ್ರಶ್ನೆಗೆಲ್ಲ ಉತ್ತರ ಬರುತ್ತೆ."

"ಯಾವ ಪ್ರಶ್ನೆಗೆ?" ಎಂದೆ ನಾನು.

"ಯಾವುದಕ್ಕೆ ಬೇಕಾದ್ರೂ."

"ಇಲ್ಲೀವರೆಗೆ ಯಾರೂ ಒಂದೂ ಪ್ರಶ್ನೆ ಕೇಳಿಲ್ವಲ್ಲ?"

"ಉತ್ತರ ಸಿಗ್ತಿರ್ಲಿಲ್ಲ, ಅದಕ್ಕೇ ಕೇಳಿಲ್ಲ ಮೇಡಂ."

ಸಾಹೇಬರು ಮೇಜು ಗುದ್ದಿ ನಕ್ಕರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಅವರು. ಡೇಟಾಬೇಸನ್ನು ನೋಡಿಕೊಳ್ಳುವವಳು ನಾನು. ಅದರ ಹೊಟ್ಟೆಗೆ ಏನು ಹಾಕಿದರೆ ಅರಗುತ್ತದೆ, ಏನು ಹಾಕಿದರೆ ಅಜೀರ್ಣವಾಗುತ್ತದೆ ಎಂದು ನನ್ನನ್ನು ಕೇಳಬೇಕಿತ್ತು. ಕೇಳಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸುವುದು ಬೇಡವೆಂದು ನಾನೂ ಎದ್ದು ಬಂದೆ.

ಪಂಡಿತನ ಹೊಸ ವಿನ್ಯಾಸದಲ್ಲಿ ಒಂದು ಸಾಲಿನ ಲಾಗು, ಪಾಲಾದ ಅಣ್ಣತಮ್ಮಂದಿರ ಹಾಗೆ ಮನೆ ಮನೆ ಹಂಚಿಹೋಯಿತು. ಬಂದವರ ವಿಳಾಸ ಒಂದು ಕೋಷ್ಟಕದಲ್ಲಿ, ಪುಟದ ಹೆಸರು ಇನ್ನೊಂದರಲ್ಲಿ, ಬ್ರೌಸರಿನ ಜಾತಕ ಮತ್ತೊಂದರಲ್ಲಿ. ಇಷ್ಟನ್ನೂ ಇಟ್ಟದ್ದು ಎಲ್ಲಿ? ನಮ್ಮ ಗಿರಾಕಿಗಳ ಅರ್ಜಿ, ಹೆಸರು, ವಿಳಾಸಗಳೆಲ್ಲ ಇರುವ ಅದೇ ಡೇಟಾಬೇಸಿನಲ್ಲಿ, ಅದೇ ಯಂತ್ರದಲ್ಲಿ. ನಾಲ್ಕೇ ದಿನಕ್ಕೆ ಅಸಲಿ ಮಾಹಿತಿ ಒಂದು ಮುಷ್ಟಿ, ಲಾಗು ಒಂದು ಬೆಟ್ಟ. ಮೂಗಿಗಿಂತ ಮೂಗುತಿ ಭಾರ ಎಂದು ಗಾದೆ ಕೇಳಿದ್ದೆ, ಅದನ್ನು ಹೊತ್ತು ತಿರುಗುವ ಮೂಗನ್ನು ಆಗಲೇ ಕಂಡದ್ದು.

ಇನ್ನು ಅದರ ಅತಿ ಬುದ್ಧಿವಂತಿಕೆಯನ್ನು ಕೇಳಿ. ಯಾರಾದರೂ ಪುಟ ಕೇಳಿದರೆ, ಅವರು ಬಂದದ್ದನ್ನು ಮೊದಲು ಡೇಟಾಬೇಸಿನಲ್ಲಿ ಬರೆಯಬೇಕು. ಬರೆದಾಯಿತು ಎಂದು ಅಲ್ಲಿಂದ ಉತ್ತರ ಬಂದ ಮೇಲೆಯೇ ಪುಟ ಕೊಡಬೇಕು. ಬರೆಯಲು ಆಗದಿದ್ದರೆ ಪುಟವಿಲ್ಲ. ಅಂಗಡಿಗೆ ಬಂದವನನ್ನು ಬಾಗಿಲಲ್ಲಿ ತಡೆದು, ನಿನ್ನ ಹೆಸರು ಬರೆದುಕೊಳ್ಳಲು ಪೆನ್ನು ಸಿಗುತ್ತಿಲ್ಲ, ಅಲ್ಲೇ ನಿಂತಿರು ಎಂದ ಹಾಗೆ. "ಯಾಕಪ್ಪಾ ಹೀಗೆ?" ಎಂದು ಕೇಳಿದೆ. "ಒಂದು ಸಾಲೂ ತಪ್ಪಿಹೋಗ್ಬಾರದು ಮೇಡಂ. ಪರಿಪೂರ್ಣ ದಾಖಲೆ," ಎಂದ. ಹಳೆಯ ಫೈಲಿಗೆ ಬರೆಯುವ ಭಾಗವನ್ನು, ಇನ್ನು ಯಾಕೆ ಎಂದು ಬೇರುಸಹಿತ ಕಿತ್ತುಹಾಕಿಸಿದ.

ಇಷ್ಟಾದ ಮೇಲೆ ಸಾಹೇಬರಿಗೆ ಆಸೆ ಹುಟ್ಟಿತು. ನಮ್ಮ ಸಾಹೇಬರನ್ನು ನಾವು ಹಿಂದಿನಿಂದ ಅಂಕಿ ಸಾಹೇಬರು ಎನ್ನುತ್ತೇವೆ. ಅವರಿಗೆ ಕೆಲಸ ಬೇಡ, ಕೆಲಸದ ಅಂಕಿ ಬೇಕು. ಬಾಗಿಲಿನಷ್ಟು ದೊಡ್ಡ ಸ್ಕ್ರೀನೊಂದನ್ನು ತಮ್ಮ ಕೋಣೆಯ ಗೋಡೆಗೆ ಹಾಕಿಸಿ, ಒಟ್ಟು ಎಷ್ಟು ಜನ ಬಂದರು, ಈ ನಿಮಿಷ ಎಷ್ಟು ಜನ ಒಳಗಿದ್ದಾರೆ ಎಂದು ಎರಡು ಅಂಕಿ ತೋರಿಸಲು ಹೇಳಿದರು. ಪಂಡಿತ ಮಾಡಿಸಿಕೊಟ್ಟ. ಗೋಡೆಯ ಬೋರ್ಡು ಗಳಿಗೆಗೊಮ್ಮೆ ಇಡೀ ಲಾಗನ್ನು ಮೊದಲಿನಿಂದ ಕೊನೆಯ ತನಕ ಎಣಿಸುತ್ತಿತ್ತು. ಎಣಿಸುವಾಗ ಮಧ್ಯೆ ಹೊಸ ಸಾಲು ಬಂದರೆ ಲೆಕ್ಕ ತಪ್ಪೀತಲ್ಲ? ಅದಕ್ಕೆ ಮಹಾನುಭಾವ, ಎಣಿಕೆ ಮುಗಿಯುವ ತನಕ ಯಾರೂ ಏನೂ ಬರೆಯದಂತೆ ಲಾಗಿಗೆ ಬೀಗ ಹಾಕಿಸಿದ.

ಅರ್ಥವಾಯಿತೇ? ಬಂದವರನ್ನು ಬರೆಯದೆ ಒಳಗೆ ಬಿಡುವಂತಿಲ್ಲ. ಎಣಿಸುವಾಗ ಬರೆಯುವಂತಿಲ್ಲ. ಎಷ್ಟು ಜನ ಬಂದರು ಎಂದು ಅಂಕಿ ಸಾಹೇಬರು ಕಣ್ಣರಳಿಸಿ ನೋಡುತ್ತಿರುವಷ್ಟು ಹೊತ್ತು ಯಾರೂ ಒಳಗೆ ಬರುವಂತಿಲ್ಲ. ಇಂಥದ್ದೊಂದು ಯಂತ್ರ ಕಟ್ಟಲು ಪಂಡಿತನೇ ಬೇಕು. ದಡ್ಡನ ತಲೆಗೆ ಇಷ್ಟು ಹೊಳೆಯುವುದಿಲ್ಲ.

ಸಾಮಾನ್ಯ ದಿನಗಳಲ್ಲಿ ಬರುವವರೇ ಕಡಿಮೆ, ಹಾಗಾಗಿ ತಡವಾದದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಬೋರ್ಡಿನ ಅಂಕಿಯಲ್ಲಿ ಬಹುಪಾಲು ಮನುಷ್ಯರೂ ಅಲ್ಲ. ಊರೂರು ಸುತ್ತಿ ಪುಟ ಓದುವ ಹುಡುಕು ಯಂತ್ರಗಳು. ಅದನ್ನೂ ಹೇಳಿ ನೋಡಿದೆ. "ಯಂತ್ರ ಆದ್ರೇನ್ರೀ, ನಮ್ಮನೇಗೆ ಬಂದ್ರಲ್ಲ?" ಎಂದರು ಸಾಹೇಬರು. ಹಣೆ ಚಚ್ಚಿಕೊಳ್ಳಲು ಗೋಡೆ ಬೇಕಿತ್ತು, ಅದರ ಮೇಲೂ ಬೋರ್ಡಿತ್ತು.

ನಾನು ಇದನ್ನೆಲ್ಲ ನೋಡಿ ನಕ್ಕು ಸುಮ್ಮನಿರುತ್ತಿದ್ದೆ. ಹುಚ್ಚರ ಸಂತೆಯಲ್ಲಿ ನನಗೇನು ವ್ಯಾಪಾರ? ಆದರೆ ಆ ವರ್ಷ ಆ ಸಂತೆಗೆ ನನ್ನ ಅಕ್ಕ ಬರಬೇಕಾಯಿತು.

ಅಕ್ಕನದು ಬಸ್ ನಿಲ್ದಾಣದ ಹಿಂದೆ ಒಂದು ಜೆರಾಕ್ಸ್ ಅಂಗಡಿ. ಅವಳ ಮಗಳು ಪುಟ್ಟಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಆಪರೇಷನ್ ಮಾಡಿಸಿ ಕಿವಿಗೆ ಯಂತ್ರ ಹಾಕಿಸಿದ್ದಾರೆ. ಈಗ ಸದ್ದು ಕೇಳಿಸುತ್ತದೆ. ಆದರೆ ಬಾಗಿಲು ಬಡಿದದ್ದೂ ಸದ್ದೇ, ಅಮ್ಮ ಕರೆದದ್ದೂ ಸದ್ದೇ. ಇದು ಮಾತು ಎಂದು ಅವಳಿಗೆ ಗೊತ್ತಿಲ್ಲ. ಅದನ್ನು ಕಲಿಸುವ ಶಾಲೆ ನಮ್ಮ ಊರಿನಲ್ಲಿ ಒಂದೇ. ಐದು ತುಂಬಿದ ಮಕ್ಕಳನ್ನು ಆ ತರಗತಿಗೆ ತೆಗೆದುಕೊಳ್ಳುವುದಿಲ್ಲ. "ಇದೊಂದು ವರ್ಷ ತಪ್ಪಿಸ್ಕೋಬೇಡಿ, ಆಮೇಲೆ ಮಾತು ಬರೋದು ಬಹಳ ಕಷ್ಟ," ಎಂದು ಡಾಕ್ಟರು ಅಕ್ಕನಿಗೆ ನೇರವಾಗಿ ಹೇಳಿದ್ದರು. ಪುಟ್ಟಿಗೆ ಐದು ತುಂಬಲು ಸ್ವಲ್ಪವೇ ಬಾಕಿ.

ಆ ಶಾಲೆಯ ವೆಬ್‌ಸೈಟು ನಮ್ಮ ಕಂಪನಿಯದೇ ಕೆಲಸ. ಸೀಟು ಹನ್ನೆರಡು. ಅರ್ಜಿ ಒಂದು ಬೆಳಿಗ್ಗೆ ತೆರೆಯುತ್ತದೆ, ಮೊದಲು ತುಂಬಿದವರಿಗೆ ಮೊದಲು ಸೀಟು. ಅರ್ಹತೆ ಇದ್ದರೆ ಅಲ್ಲಿಗೇ ಮುಗಿಯಿತು. ಕಿವಿ ಕೇಳದ ಮಕ್ಕಳ ತಾಯಂದಿರಿಗೆ ಓಟದ ಪಂದ್ಯ ಇಡುವ ಬುದ್ಧಿ ಯಾರದ್ದೋ, ಅವರ ಬಾಯಿಗೆ ಮಣ್ಣು ಹಾಕ.

ಅಕ್ಕ ಒಂದು ಸಲವೂ ನನ್ನನ್ನು, ಒಳಗಿನಿಂದ ಏನಾದರೂ ಮಾಡು ಎಂದು ಕೇಳಲಿಲ್ಲ. ಅವಳ ಸ್ವಭಾವವೇ ಅಲ್ಲ. ಬದಲಿಗೆ ಹೊಸ ಫೋನು ಕೊಂಡಳು. ಪುಟ್ಟಿಯ ವೈದ್ಯಕೀಯ ಕಾಗದಗಳನ್ನೆಲ್ಲ ಫೋನಿಗೆ ಹಾಕಿಟ್ಟುಕೊಂಡು, ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಬೇಗ ಬೇಗ ಟೈಪು ಮಾಡುವುದನ್ನು ಅಭ್ಯಾಸ ಮಾಡಿದಳು. ಬೆರಳು ಎಷ್ಟು ಚುರುಕಾದರೇನು, ಬಾಗಿಲಲ್ಲಿ ಪಂಡಿತ ಕೂತಿದ್ದಾನಲ್ಲ.

ಸಾಹೇಬರ ಕೋಣೆಗೆ ಹೋಗಿ ಕೇಳಿಕೊಂಡೆ. "ಸಾರ್, ಅದೊಂದು ಬೆಳಿಗ್ಗೆ ಬೋರ್ಡ್ ಆಫ್ ಮಾಡಿ. ಇಲ್ಲಾಂದ್ರೆ ಸೈಟು ನಿಂತುಹೋಗುತ್ತೆ."

"ಏನ್ರೀ ಮಾತಾಡ್ತೀರಾ! ಅವತ್ತೇ ಅಲ್ವೇನ್ರೀ ಜನ ಬರೋದು? ಶಾಲೆ ಹೆಡ್ ಮೇಡಮ್ಮನ್ನ ಕರೆದಿದೀನಿ, ಬೋರ್ಡ್ ತೋರಿಸೋಕೆ."

"ಬೋರ್ಡ್ ನೋಡ್ತಾ ಕೂತ್ರೆ ಜನ ಬರೋಕಾಗಲ್ಲ ಸಾರ್."

ಅವರು ಪಂಡಿತನ ಮುಖ ನೋಡಿದರು. ಪಂಡಿತ ನನ್ನ ಕಡೆ, ಪಾಪ, ವಯಸ್ಸಾಯಿತು ಎನ್ನುವ ಹಾಗೆ ನೋಡಿದ. "ಮೇಡಮ್ಮಿಗೆ ಹೊಸದು ಅಂದ್ರೆ ಸ್ವಲ್ಪ ಭಯ ಸಾರ್," ಎಂದ. ಭಯವಂತೆ! ಇವನು ಹಲಗೆಯ ಮೇಲೆ ಬಾಣ ಎಳೆಯುವುದನ್ನು ಕಲಿಯುವ ಮೊದಲಿನಿಂದ ನಾನು ಡೇಟಾಬೇಸು ಕಾಯುತ್ತಿದ್ದೇನೆ.

ಆ ದಿನ ಬಂತು. ಸಾಹೇಬರು ಹೊಸ ಕೋಟು ಹಾಕಿಕೊಂಡು ಬಂದರು. ಅವರ ಕೋಣೆಯಲ್ಲಿ ಕಾಫಿ, ಬಿಸ್ಕತ್ತು, ಹೂದಾನಿ. ಶಾಲೆಯ ಹೆಡ್ ಮೇಡಂ ಕಾಟನ್ ಸೀರೆಯಲ್ಲಿ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಶಿಸ್ತಾಗಿ ಕೂತಿದ್ದರು. ನಮಗೂ ಅವರಿಗೂ ನಡುವೆ ಇದ್ದದ್ದು ಗಾಜಿನ ಗೋಡೆ. ನನ್ನ ಕುರ್ಚಿಯಿಂದ ಬೋರ್ಡು ಸ್ಪಷ್ಟವಾಗಿ ಕಾಣುತ್ತಿತ್ತು.

ಅರ್ಜಿ ತೆರೆಯಿತು. ತೆರೆದದ್ದೇ ತಡ, ಬೋರ್ಡಿನ ಅಂಕಿ ಜಿಗಿಯಿತು. ಒಂದು ಗಳಿಗೆ ಬಿಟ್ಟು ಮತ್ತೆ ಜಿಗಿಯಿತು. ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಗಾಜಿನಾಚೆಯಿಂದಲೂ ಕೇಳಿಸಿತು. ನಾನು ನನ್ನ ಸ್ಕ್ರೀನಿನಲ್ಲಿ ಅರ್ಜಿಗಳ ಕೋಷ್ಟಕ ನೋಡಿದೆ. ಒಂದೂ ಅರ್ಜಿ ಇಲ್ಲ. ಪುಟ ತೆರೆಯದಿದ್ದಾಗ ಯಾರಾದರೂ ಏನು ಮಾಡುತ್ತಾರೆ? ಮತ್ತೆ ಒತ್ತುತ್ತಾರೆ. ಮತ್ತೊಮ್ಮೆ ಒತ್ತುತ್ತಾರೆ. ಒಂದೊಂದು ಒತ್ತಿಗೂ ಒಂದೊಂದು ಸಾಲು. ಎಣಿಕೆಯ ನಡುವೆ ಬೀಗ ತೆರೆದು ಆ ಸಾಲು ಬೀಳುವಷ್ಟರಲ್ಲಿ, ಕಾದು ಬೇಸತ್ತವರು ಆ ಪುಟ ಬಿಟ್ಟು ಮತ್ತೆ ಒತ್ತಿರುತ್ತಿದ್ದರು. ತಾಯಂದಿರು ಬಾಗಿಲು ಬಡಿಯುತ್ತಿದ್ದರು, ನಮ್ಮ ಸಾಹೇಬರು ಆ ಬಡಿತವನ್ನು ಎಣಿಸಿ ಹಿಗ್ಗುತ್ತಿದ್ದರು.

ಅಕ್ಕನ ಫೋನು ಬಂತು. "ಸುತ್ತುತ್ತಾನೇ ಇದೆ ಕಣೇ, ಏನೂ ಬರ್ತಿಲ್ಲ. ನಾನೇನಾದ್ರೂ ತಪ್ಪು ಮಾಡಿದ್ನಾ?"

"ನಿನ್ನ ತಪ್ಪಲ್ಲ ಅಕ್ಕ. ಇರು," ಎಂದೆ. ಫೋನನ್ನು ಹಾಗೇ ಮೇಜಿನ ಮೇಲಿಟ್ಟು ಸಾಹೇಬರ ಕೋಣೆಗೆ ಓಡಿದೆ. "ಸಾರ್, ಒಂದೂ ಅರ್ಜಿ ಬಂದಿಲ್ಲ. ದಯವಿಟ್ಟು ಬೋರ್ಡ್ ನಿಲ್ಲಿಸಿ."

"ಕಣ್ಣು ಕಾಣಲ್ವಾ? ಎಷ್ಟು ಜನ ನೋಡ್ರೀ!" ಎಂದು ಬೋರ್ಡು ತೋರಿಸಿದರು.

ಪಂಡಿತ ಬಿಸ್ಕತ್ತು ಕಚ್ಚುತ್ತ, "ಇಷ್ಟು ಜನಕ್ಕೆ ಇನ್ನೂ ದೊಡ್ಡ ಸರ್ವರ್ ಬೇಕು ಸಾರ್. ನಾನು ಆವತ್ತೇ ಹೇಳಿರ್ಲಿಲ್ವಾ?" ಎಂದ. ಕುಣಿಯಲಾರದವಳಿಗೆ ನೆಲ ಡೊಂಕು.

ಇನ್ನು ಇವರಿಗೆ ಹೇಳಿ ಪ್ರಯೋಜನವಿಲ್ಲ ಎಂದುಕೊಂಡು ನನ್ನ ಜಾಗಕ್ಕೆ ಬಂದೆ. ಬಂದವರನ್ನು ಬರೆದುಕೋ ಎಂದು ಸರ್ವರ್‌ಗೆ ಹೇಳುವ ಸಾಲು ಒಂದೇ. ಅದನ್ನು ತೆಗೆದು ಸರ್ವರನ್ನು ಮತ್ತೆ ಎಬ್ಬಿಸಿದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅರ್ಜಿಗಳು ಬೀಳತೊಡಗಿದವು. ಮೇಜಿನ ಮೇಲಿದ್ದ ಫೋನಿನಿಂದ ಅಕ್ಕ, "ಬಂತು, ಬಂತು, ಪುಟ ಬಂತು!" ಎಂದು ಕೂಗಿದಳು. ನಾನು ಅವಳಿಗೆ ಒಂದು ಮಾತನ್ನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆ ಹೊತ್ತಿಗೆ ಊರಿನ ಅಷ್ಟೂ ತಾಯಂದಿರ ಬೆರಳು ಅದೇ ಗುಂಡಿಯ ಮೇಲಿತ್ತು. ನೋಡನೋಡುತ್ತ ಹನ್ನೆರಡು ಸೀಟೂ ತುಂಬಿದವು. ಹನ್ನೊಂದನೆಯದು ಪುಟ್ಟಿಯದು.

ಅಕ್ಕ ಫೋನಿನಲ್ಲಿ ಅತ್ತಳು. ಆಪರೇಷನ್ನಿನ ದಿನವೂ ಅಳದಿದ್ದವಳು ಅಂಗಡಿಯಲ್ಲಿ ನಿಂತು ಗಿರಾಕಿಗಳ ಮುಂದೆ ಅತ್ತಳು. "ಸರಿ, ಸರಿ, ಮೊದ್ಲು ಮೂಗು ಒರೆಸ್ಕೋ," ಎಂದು ಬೈದು ಫೋನಿಟ್ಟೆ.

ತಲೆಯೆತ್ತಿದರೆ ಗಾಜಿನಾಚೆ ಎಲ್ಲರೂ ಬೋರ್ಡಿನ ಕಡೆ ಬಾಯಿ ಬಿಟ್ಟುಕೊಂಡು ನಿಂತಿದ್ದರು. ಈ ನಿಮಿಷ ಒಳಗಿರುವವರು, ಸೊನ್ನೆ. ಬಾಗಿಲಗಲದ ಸೊನ್ನೆ. ಸಾಹೇಬರ ಮುಖವೂ ಹೆಚ್ಚುಕಡಿಮೆ ಅದೇ ಆಕಾರಕ್ಕೆ ಬಂದಿತ್ತು. ನಿಜ ಹೇಳುತ್ತೇನೆ, ನನಗೆ ಬಹಳ ಖುಷಿಯಾಯಿತು.

ಆ ಖುಷಿ ಮಧ್ಯಾಹ್ನದ ತನಕವೂ ಬಾಳಲಿಲ್ಲ. ನನ್ನನ್ನು ಒಳಗೆ ಕರೆದರು. ಕಾಫಿ ಆರಿತ್ತು, ಹೆಡ್ ಮೇಡಂ ಇನ್ನೂ ಕೂತಿದ್ದರು. ಲಾಗ್ ನಿಲ್ಲಿಸಿದ್ದು ನಾನೇ, ಯಾಕೆಂದರೆ ಅದೇ ಬಾಗಿಲಿಗೆ ಅಡ್ಡ ಮಲಗಿತ್ತು ಎಂದು ಕೇಳುವ ಮೊದಲೇ ಹೇಳಿದೆ. ಪಂಡಿತ ಕಾಯುತ್ತಿದ್ದ. ತನ್ನ ಯಂತ್ರ ಕೆಟ್ಟದ್ದು ಎಂದಾಗಬಾರದು, ಅದಕ್ಕೆ ಬೇರೆ ಯಾರಾದರೂ ಕೆಟ್ಟವರಾಗಬೇಕು. ಅಷ್ಟು ಬುದ್ಧಿ ಅವನಿಗೆ ಚೆನ್ನಾಗಿಯೇ ಇದೆ.

"ಸೀಟು ತುಂಬೋ ಹೊತ್ತಿಗೆ ಲಾಗಲ್ಲಿ ಒಂದು ಸಾಲೂ ಇಲ್ಲ ಮೇಡಂ," ಎಂದ ಹೆಡ್ ಮೇಡಂ ಕಡೆ ತಿರುಗಿ. "ನಮ್ಮ ದಾಖಲೆ ಪ್ರಕಾರ ಆಗ ಯಾರೂ ಬಂದೇ ಇಲ್ಲ. ಬರದೇ ಇರೋರು ಸೀಟು ಹೇಗೆ ತಗೊಂಡ್ರು ಅನ್ನೋದೇ ಪ್ರಶ್ನೆ."

"ಬಂದ್ರು," ಎಂದೆ. "ಅರ್ಜಿ ಹಾಕಿದ ಹೊತ್ತು ಅರ್ಜೀಲೇ ಇದೆ, ನೋಡಿ."

"ಅದನ್ನ ಬರೆಯೋ ಅಧಿಕಾರ ಇರೋದು ನಿಮಗೇ ಅಲ್ವಾ? ಡೇಟಾಬೇಸಿನ ಕೀಲಿ ನಿಮ್ಮ ಹತ್ರ. ಸಾಕ್ಷಿ ಅಂತ ಇದ್ದಿದ್ದು ಲಾಗ್ ಒಂದೇ, ಅದರ ಕಣ್ಣು ಕಟ್ಟಿದ್ರಿ."

"ಆ ಲಾಗೂ ಅದೇ ಡೇಟಾಬೇಸಲ್ಲೇ ಇರೋದು ಮಾರಾಯಾ! ಬರೆಯೋ ಮನಸ್ಸಿದ್ರೆ ಅದನ್ನೂ ನಾನು ಬರೀಬಹುದಿತ್ತು. ನಿಲ್ಲಿಸೋದು ಯಾಕೆ ಬೇಕಿತ್ತು?"

ಹೇಳಿದ ಮೇಲೆ ತಿಳಿಯಿತು, ನನ್ನ ಗುಂಡಿ ನಾನೇ ತೋಡಿಕೊಂಡೆ ಎಂದು. ಸತ್ಯ ಹೇಳಿದ್ದೆ, ಆದರೆ ಆ ಕೋಣೆಯಲ್ಲಿ ಅದು ಕಳ್ಳಿಯ ಬಾಯಿಯಿಂದ ಬಂದ ಹಾಗೆ ಕೇಳಿಸಿತು. ಹೆಡ್ ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಆ ಹನ್ನೆರಡು ಮಕ್ಕಳಲ್ಲಿ ನಿಮ್ಮ ಕಡೆಯವರು ಯಾರಾದ್ರೂ ಇದಾರೇನಮ್ಮ?"

"ಇದಾಳೆ. ನಮ್ಮಕ್ಕನ ಮಗಳು."

ಸಾಹೇಬರು "ಓಹೋ" ಎಂದು ಕುರ್ಚಿಗೆ ಒರಗಿದರು. ಬೆಳಗಿನಿಂದ ಕಳೆದುಹೋಗಿದ್ದ ಬಣ್ಣ ಮುಖಕ್ಕೆ ಮರಳಿತು. ಪಂಡಿತ ಮೆಲ್ಲಗೆ, "ಆಗ ಫೋನ್ ಬೇರೆ ಆನ್ ಇತ್ತು ಸಾರ್, ಯಾರೋ ಬಂತು ಬಂತು ಅಂತಿದ್ರಂತೆ, ಪಕ್ಕದ ಮೇಜಿನವರು ಕೇಳಿಸ್ಕೊಂಡಿದಾರೆ," ಎಂದು ಸೇರಿಸಿದ. ಥೂ, ಇವನ ಜನ್ಮಕ್ಕಿಷ್ಟು.

ಹೆಡ್ ಮೇಡಂ ಕೆಟ್ಟವರಲ್ಲ. ಅದೇ ದೊಡ್ಡ ಕಷ್ಟ. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. "ನೀವು ಮೋಸ ಮಾಡಿದೀರಿ ಅಂತ ನನಗನಿಸಲ್ಲ," ಎಂದರು. "ಆದ್ರೆ ಸಂಜೆ ಐದಕ್ಕೆ ಈ ಪಟ್ಟಿ ನಮ್ಮ ಗೇಟಿಗೆ ಅಂಟಿಸ್ಬೇಕು. ಸೀಟು ಸಿಗದ ತಾಯಿ ಒಬ್ಬಳು ಬಂದು ಕೇಳ್ತಾಳೆ, ಸ್ವಿಚ್ಚು ಹಿಡಿದವರ ಅಕ್ಕನ ಮಗಳಿಗೆ ಹೇಗೆ ಸಿಕ್ತು ಅಂತ. ನಾನು ಏನಂತ ಹೇಳ್ಲಿ, ನೀವೇ ಹೇಳಿ."

"ಎಲ್ಲರದ್ದೂ ರದ್ದು ಮಾಡಿ, ಮತ್ತೆ ಮೊದಲಿಂದ ತೆಗೀರಿ ಮೇಡಂ. ಬೋರ್ಡ್ ಇಲ್ಲದೆ. ನಮ್ಮ ಪುಟ್ಟಿಗೆ ಸಿಕ್ಕಿದ್ರೆ ಸಿಗ್ಲಿ, ಇಲ್ಲಾಂದ್ರೆ ಬಿಡ್ಲಿ."

"ಹನ್ನೆರಡು ಮನೆಗೆ ಸೀಟು ಸಿಕ್ತು ಅಂತ ಮೆಸೇಜು ಹೋಗಿದೆ. ಹನ್ನೊಂದು ಜನದ ಬಾಯಿಂದ ಕಿತ್ಕೊಳ್ಳೋಕೆ ನನ್ನ ಕೈಲಾಗಲ್ಲಮ್ಮ. ಆ ಒಂದು ಹೆಸರು ತೆಗೆದು ಪಟ್ಟಿ ಕಳಿಸಿ." ಕೈಚೀಲ ತೆಗೆದುಕೊಂಡು ಎದ್ದರು. ಬಾಗಿಲಲ್ಲಿ ನಿಂತು, "ಕ್ಷಮಿಸಿ," ಎಂದರು. ಹನ್ನೊಂದನ್ನು ಕಿತ್ತುಕೊಳ್ಳಲು ಆಗದ ಕೈಗೆ ಒಂದನ್ನು ಕಿತ್ತುಕೊಳ್ಳಲು ಆಗುತ್ತದೆ. ಒಳ್ಳೆಯವರ ಲೆಕ್ಕ ಯಾವಾಗಲೂ ಹೀಗೇ.

ಅವರು ಹೋದದ್ದೇ ಸಾಹೇಬರ ದನಿ ಬೆಣ್ಣೆಯಾಯಿತು. "ಒಂದೇ ಒಂದು ಸಾಲು ಮೇಡಂ. ತೆಗೆದುಬಿಡಿ. ನಾನು ನಿಮ್ಮ ಮೇಲೆ ಕ್ರಮ ಗಿಮ ಏನೂ ತಗೊಳ್ಳಲ್ಲ. ಎಲ್ಲರ ಮಾನ ಉಳಿಯುತ್ತೆ."

"ನಿಮ್ಮ ಮಾನ ಉಳಿಸೋಕೆ ಆ ಮಗೂನ ಬಾಯಿ ಕಟ್ಬೇಕಾ? ಅವಳಿಗೆ ಮಾತು ಬರೋಕೆ ಇರೋದು ಇದೊಂದೇ ವರ್ಷ ಸಾರ್."

"ಅಯ್ಯೋ, ಬೇರೆ ಯಾವುದಾದ್ರೂ ಶಾಲೆ..."

"ಇಲ್ಲ. ಬೇರೆ ಶಾಲೆ ಇಲ್ಲ."

ಸಾಹೇಬರು ಬೋರ್ಡಿನ ಕಡೆ ನೋಡಿದರು. ಅಂಕಿಯಿಲ್ಲದ ಮಾತು ಅವರಿಗೆ ಹತ್ತುವುದಿಲ್ಲ. "ನಿಮ್ಮ ಕೈಲಾಗದಿದ್ರೆ ಬಿಡಿ. ಪಂಡಿತರು ಮಾಡ್ತಾರೆ."

"ಮಾಡ್ಲಿ," ಎಂದೆ. ಇಬ್ಬರನ್ನೂ ನನ್ನ ಮೇಜಿಗೆ ಕರೆತಂದು, ಡೇಟಾಬೇಸು ತೆರೆದುಕೊಟ್ಟು ಕುರ್ಚಿ ಬಿಟ್ಟು ನಿಂತೆ. ಮಾಡಲಿ. ಪಾಪ ಅವನ ಕೈಗೇ ಅಂಟಲಿ.

ಪಂಡಿತ ಬಂದು ಕೂತ. ಕುರ್ಚಿ ಎತ್ತರ ಮಾಡಿಕೊಂಡ, ತೋಳು ಮಡಿಸಿಕೊಂಡ. ಇಷ್ಟು ದಿನ ಡೇಟಾಬೇಸಿನ ಬಗ್ಗೆ ಭಾಷಣ ಮಾಡಿದವನು ಮೊದಲ ಸಲ ಡೇಟಾಬೇಸಿನ ಎದುರು ಕೂತಿದ್ದ. ಸ್ಕ್ರೀನಿನ ಮೇಲರ್ಧದಲ್ಲಿ ಹನ್ನೆರಡು ಅರ್ಜಿಗಳ ಸಾಲು ಕಾಣುತ್ತಿತ್ತು. ಪುಟ್ಟಿಯ ಸಾಲನ್ನು ಮೌಸಿನಲ್ಲಿ ಒತ್ತಿದ, ಅದು ನೀಲಿಯಾಯಿತು. ಆಮೇಲೆ ಕೆಳಗೆ ಒಂದೊಂದೇ ಅಕ್ಷರ ಹುಡುಕಿ, ಅರ್ಜಿಗಳ ಕೋಷ್ಟಕದಿಂದ ಅಳಿಸು ಎನ್ನುವ ಆಜ್ಞೆ ಬರೆದ. ಅಲ್ಲಿಗೆ ನಿಲ್ಲಿಸಿದ. ಬೆರಳು ಎಂಟರ್ ಕಡೆ ಹೋಯಿತು.

ಯಾವ ಸಾಲು ಅಳಿಸಬೇಕೆಂದು ಅವನು ಬರೆದಿರಲಿಲ್ಲ. ಮೇಲೆ ನೀಲಿ ಮಾಡಿದ್ದೇನಲ್ಲ, ಅದೊಂದೇ ಹೋಗುತ್ತದೆ ಎಂದುಕೊಂಡಿದ್ದ ಮೂಢ. ಡೇಟಾಬೇಸು ನಿಮ್ಮ ಮೌಸಿನ ಮುಖ ನೋಡುವುದಿಲ್ಲ. ಯಾವುದು ಎಂದು ಹೇಳದಿದ್ದರೆ, ಯಾವುದಪ್ಪಾ ಎಂದು ಕೇಳುವುದೂ ಇಲ್ಲ. ಇರುವುದನ್ನೆಲ್ಲ ಅಳಿಸುತ್ತದೆ. ನಕಲು ಇಟ್ಟಿರುತ್ತಾರಲ್ಲ ಎನ್ನಬೇಡಿ. ನಕಲು ಇಡುವ ಡಿಸ್ಕನ್ನು ಪಂಡಿತನ ಲಾಗು ನುಂಗಿ ಎಷ್ಟೋ ದಿನವಾಗಿತ್ತು, ನಾನು ಹೇಳಿ ಹೇಳಿ ಸುಸ್ತಾಗಿದ್ದೆ. ಆ ಎಂಟರ್ ಬಿದ್ದರೆ ಹನ್ನೆರಡು ಮಕ್ಕಳೂ ಇಲ್ಲ.

ಒತ್ತಲಿ ಎಂದಿತು ನನ್ನ ಮನಸ್ಸು. ಸುಮ್ಮನಿರು. ಇವನ ಪಾಂಡಿತ್ಯ ಬೀದಿಗೆ ಬೀಳುತ್ತದೆ, ಸಾಹೇಬರ ಮಾನ ಗೇಟಿಗೆ ಅಂಟುತ್ತದೆ. ಪಟ್ಟಿಯೇ ಇಲ್ಲದ ಮೇಲೆ ಶಾಲೆಯವರು ಎಲ್ಲರಿಗೂ ಮತ್ತೆ ಅರ್ಜಿ ತೆರೆಯಲೇಬೇಕು. ಪುಟ್ಟಿಗೆ ಇನ್ನೊಂದು ಸಲ ಬಾಗಿಲು. ನಾನು ಮಾಡಬೇಕಾದ್ದು ಏನೂ ಇಲ್ಲ, ಬಾಯಿ ಮುಚ್ಚಿಕೊಂಡು ನಿಲ್ಲುವುದು ಅಷ್ಟೇ.

ಅದೇ ಹೊತ್ತಿಗೆ ಮೇಲಿನ ಹೆಸರುಗಳು ಕಣ್ಣಿಗೆ ಬಿದ್ದವು. ಬೆಳಿಗ್ಗೆ ಅಕ್ಕ ಅತ್ತ ಹಾಗೆ ಇನ್ನೂ ಹನ್ನೊಂದು ಮನೆಗಳಲ್ಲಿ ಅತ್ತಿದ್ದಾರೆ. ಇವರಲ್ಲಿ ಯಾರು ಯಾರಿಗೆ ಇದೇ ಕೊನೆಯ ವರ್ಷವೋ. ಎರಡನೆಯ ಸಲ ಯಾರ ಬೆರಳು ಸೋಲುತ್ತದೋ.

"ತೆಗೀರಿ ಕೈ!" ಎಂದು ಅವನ ಮಣಿಕಟ್ಟು ಹಿಡಿದೆ.

"ಏನ್ ಮೇಡಂ, ಮತ್ತೆ ಅಡ್ಡಿ ಮಾಡ್ತೀರಾ?"

"ಒತ್ತಿದ್ರೆ ಎಲ್ಲಾ ಹೋಗುತ್ತೆ ಕಣ್ರೀ. ಯಾವುದು ಅಂತ ಬರೀಬೇಕು."

ಅವನು ಸ್ಕ್ರೀನು ನೋಡಿದ, ನನ್ನನ್ನು ನೋಡಿದ, ಸಾಹೇಬರನ್ನು ನೋಡಿದ. "ಎಲ್ಲಿ ಬರೀಬೇಕು?"

"ಕೊನೇಲಿ."

"ಏನಂತ?"

ಸಾಹೇಬರು ಗಡಿಯಾರ ನೋಡಿಕೊಂಡು, "ಪಟ್ಟಿ ಕಳಿಸೋಕೆ ಹೊತ್ತಾಗ್ತಿದೆ. ನೀವೇ ಬರೆದುಬಿಡಿ ಮೇಡಂ, ಅವರಿಗೆ ಈ ಚಿಲ್ಲರೆ ಕೆಲಸ ಅಭ್ಯಾಸ ಇಲ್ಲ," ಎಂದರು.

ಪಂಡಿತ ಕುರ್ಚಿ ಬಿಟ್ಟುಕೊಟ್ಟ. ಇವನ ಕೈಯಲ್ಲಿ ಬಿಟ್ಟು ಹೋದರೆ ಇನ್ನೊಂದು ಗಳಿಗೆಗೆ ಮತ್ತೆ ಅದೇ ಎಂಟರು. ನಾನು ಕೂತೆ. ಅವನು ಬರೆದ ಆಜ್ಞೆಯ ಕೊನೆಗೆ, ಇಂಥ ಅರ್ಜಿಯನ್ನು ಮಾತ್ರ ಎಂದು ಸೇರಿಸಿ, ಪುಟ್ಟಿಯ ಅರ್ಜಿಯ ಸಂಖ್ಯೆ ಬರೆದೆ. ತಪ್ಪಿ ಪಕ್ಕದ ಮಗುವಿನದಾಗಬಾರದೆಂದು ಎರಡು ಸಲ ಓದಿಕೊಂಡೆ. ಒತ್ತಿದೆ. ಒಂದು ಸಾಲು ಅಳಿಸಲಾಗಿದೆ ಎಂದು ಡೇಟಾಬೇಸು ಹೇಳಿತು.

"ನೋಡಿ, ಎಷ್ಟು ಸುಲಭ!" ಎಂದರು ಸಾಹೇಬರು. ಪಂಡಿತ, "ಥ್ಯಾಂಕ್ಸ್ ಮೇಡಂ. ಅದೊಂದು ಯಾವಾಗ್ಲೂ ಮರೆತುಹೋಗುತ್ತೆ ನಂಗೆ," ಎಂದು ನಕ್ಕ. ಇಬ್ಬರ ಮುಖಕ್ಕೂ ಉಗಿಯುವಷ್ಟು ಅಸಹ್ಯ ನನ್ನ ಬಾಯಲ್ಲಿತ್ತು. ಉಗಿಯಲಿಲ್ಲ. ಇವರನ್ನು ಹೀಯಾಳಿಸಿಕೊಂಡೇ ಇಷ್ಟು ದಿನ ಕಳೆದಿದ್ದೆ, ಆ ಹೊತ್ತಿಗೆ ಆ ಹೀಯಾಳಿಕೆಯಿಂದ ನನ್ನ ಮನೆಯ ಮಗುವಿಗೆ ಮೂರು ಕಾಸಿನ ಉಪಯೋಗವಾಗಲಿಲ್ಲ.

ಮೆಟ್ಟಿಲಿಳಿದು ರಸ್ತೆಗೆ ಬಂದಾಗ ಅಕ್ಕನ ಫೋನು.

"ಯೂನಿಫಾರ್ಮಿಗೆ ಅಳತೆ ಶಾಲೇಲೇ ತಗೋತಾರಾ, ನಾವೇ ಹೊಲಿಸ್ಬೇಕಾ? ಸ್ವಲ್ಪ ಕೇಳ್ತೀಯೇನೇ? ಇವಳು ಬೇರೆ ಬೆಳಿಗ್ಗೆಯಿಂದ ನಾನು ನಕ್ಕಾಗ್ಲೆಲ್ಲ ತಾನೂ ನಗ್ತಾ ಕೂತಿದಾಳೆ."

"ಅಕ್ಕ, ಪುಟ್ಟಿ ಸೀಟು ತೆಗೆದ್ರು."

ಆ ಕಡೆ ಜೆರಾಕ್ಸ್ ಯಂತ್ರ ಓಡುವ ಸದ್ದು ಕೇಳಿಸುತ್ತಿತ್ತು. ಅವಳು ಅದನ್ನು ನಿಲ್ಲಿಸಿದಳು. "ಯಾಕೆ?"

"ನಾನು ಇಲ್ಲಿರೋದಕ್ಕೆ. ನಾನು ಮೋಸ ಮಾಡಿ ಕೊಡಿಸಿದೆ ಅಂತ."

"ನೀನು ಮಾಡಿದ್ಯಾ?"

"ಇಲ್ಲ."

"ಮತ್ತೆ ತೆಗೆದಿದ್ದು ಯಾರು?"

"ನಾನೇ ಅಕ್ಕ. ನನ್ನ ಕೈಯಿಂದಲೇ."

ಅವಳು ಬಯ್ಯಲಿ ಎಂದು ಕಾದೆ. ಬಾಯಿಗೆ ಬಂದಂತೆ ಬಯ್ಯಲಿ, ಶಾಪ ಹಾಕಲಿ ಎಂದು ರಸ್ತೆಯ ಬದಿಯಲ್ಲಿ ಫೋನು ಹಿಡಿದು ನಿಂತೆ. ಅವಳು ಉಸಿರು ಎಳೆದುಕೊಂಡದ್ದು ಕೇಳಿಸಿತು.

"ಆಮೇಲೆ ಮಾತಾಡ್ತೀನಿ," ಎಂದಳು. "ಪುಟ್ಟಿ ನನ್ನ ಮುಖಾನೇ ನೋಡ್ತಿದಾಳೆ."